ವೂಸ್ಟರ್‌ನಿಂದ ವಾಷಿಂಗ್ಟನ್‌ವರೆಗೆ: ಅಮೆರಿಕದ ಮೊದಲ ಚಿತ್ರಕಾರರನ್ನು ನೋಡಲು ಆರು ದಿನ

ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದ ನಾನು ಮತ್ತು ನನ್ನ ಹೆಂಡತಿ ಅಕ್ಟೋಬರ್‌ನಲ್ಲಿ ಆರು ದಿನಗಳನ್ನು ಎತ್ತಿಟ್ಟು, ಅಮೆರಿಕದ ಮೊದಮೊದಲ ಚಿತ್ರಕಾರರ ಕೃತಿಗಳನ್ನು ಸಾಧ್ಯವಾದಷ್ಟು ಕಾಲಕ್ರಮದಲ್ಲೇ ನೋಡಿ ಬಂದೆವು. ಒಂದೇ ದೊಡ್ಡ ಮ್ಯೂಸಿಯಂನಲ್ಲಿ ಎಲ್ಲವನ್ನೂ ಮುಗಿಸಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಆದರೆ ಗುರುವೂ ಇಲ್ಲದ, ಕಲಾಶಾಲೆಯೂ ಇಲ್ಲದ ನಾಡಿನಲ್ಲಿ ಚಿತ್ರಕಲೆ ಹೇಗೆ ಕಣ್ಣುಬಿಟ್ಟಿತು ಎಂಬುದು ಊರಿಂದೂರಿಗೆ ಹೋಗುತ್ತ ನೋಡಿದಾಗಲೇ ಮನಸ್ಸಿಗೆ ಹತ್ತುತ್ತದೆ.

ಈ ಪ್ರವಾಸದಲ್ಲಿ ದೂರಕ್ಕಿಂತ ವಾರದ ದಿನವೇ ಮುಖ್ಯ. ಮೊದಲ ಸಲ ವಾರದ ರಜೆಯನ್ನು ವಿಚಾರಿಸದೆ ಹೊರಟು, ಮುಚ್ಚಿದ ಬಾಗಿಲಿನ ಮುಂದಿನ ಮೆಟ್ಟಿಲ ಮೇಲೆ ಕುಳಿತು ಚಪಾತಿ, ಚಟ್ನಿಪುಡಿ ತಿಂದು ಹಿಂದಿರುಗಿದ್ದು ನನ್ನದೇ ತಪ್ಪು. ಎರಡನೆಯ ಸಲ ಗುರುವಾರ ವೂಸ್ಟರ್, ಶುಕ್ರವಾರ ಬಾಸ್ಟನ್, ಶನಿವಾರ ನ್ಯೂ ಹೇವನ್, ಭಾನುವಾರ ನ್ಯೂಯಾರ್ಕ್, ಸೋಮವಾರ ಫಿಲಡೆಲ್ಫಿಯಾ, ಮಂಗಳವಾರ ವಾಷಿಂಗ್ಟನ್ ಎಂದು ಹಾಕಿಕೊಂಡ ಲೆಕ್ಕದಲ್ಲಿ ಎಲ್ಲ ಬಾಗಿಲುಗಳೂ ತೆರೆದಿದ್ದವು. ರಜೆಯ ದಿನಗಳು ಬದಲಾಗುವುದುಂಟು, ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಒಮ್ಮೆ ನೋಡಿಕೊಳ್ಳಿ. ಕಾರು ಬೇಕಿಲ್ಲ, ಈ ಊರುಗಳೆಲ್ಲ ರೈಲುಮಾರ್ಗದಲ್ಲೇ ಇವೆ.

ಬಾಸ್ಟನ್‌ನ ಸೌತ್ ಸ್ಟೇಷನ್‌ನಿಂದ ಲೋಕಲ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ವೂಸ್ಟರ್ ತಲುಪಬಹುದು. ಅಲ್ಲಿನ ಆರ್ಟ್ ಮ್ಯೂಸಿಯಂನಲ್ಲಿರುವ ಫ್ರೀಕ್ ದಂಪತಿಗಳ ಎರಡು ಭಾವಚಿತ್ರಗಳಿಂದಲೇ ಪ್ರವಾಸ ಆರಂಭವಾಗಬೇಕೆಂಬುದು ನನ್ನ ಹಟ. 1671ರ ಸುಮಾರಿಗೆ ಬರೆದ ಇವುಗಳ ಚಿತ್ರಕಾರ ಯಾರೆಂದು ಇಂದಿಗೂ ತಿಳಿದಿಲ್ಲ. ಎಲಿಜಬೆತ್ ಫ್ರೀಕ್ ಮಡಿಲಲ್ಲಿ ಹಸುಗೂಸು ಮೇರಿಯನ್ನು ನಿಲ್ಲಿಸಿಕೊಂಡು ಕುಳಿತಿದ್ದಾಳೆ. ಮುಖ ಚಪ್ಪಟೆ, ದೇಹಕ್ಕೆ ಭಾರವೆಂಬುದೇ ಇಲ್ಲ. ಆದರೆ ಲೇಸಿನ ಕಾಲರ್, ತೋಳಿನ ರಿಬ್ಬನ್, ಕೊರಳಿನ ಮುತ್ತುಗಳನ್ನು ಒಂದೊಂದಾಗಿ ಎಣಿಸಿ ಇಟ್ಟಂತೆ ಬರೆಯಲಾಗಿದೆ. ಮಗು ಮೊದಲು ಚಿತ್ರದಲ್ಲಿ ಇರಲಿಲ್ಲ, 1674ರಲ್ಲಿ ಸೇರಿಸಲಾಯಿತು ಎಂಬುದು ಎಕ್ಸ್‌ರೇ ಪರೀಕ್ಷೆಯಿಂದ ತಿಳಿದುಬಂದಿದೆ. ಸಂಸಾರ ಬೆಳೆದಂತೆ ಚಿತ್ರವೂ ಬೆಳೆದಿದೆ. ಬಟ್ಟೆಯನ್ನು ಬಲ್ಲ, ಮೈಯನ್ನು ಇನ್ನೂ ಅರಿಯದ ಈ ಕೈಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಊರಿಗೆ ಹೋಗಿ.

ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಗ್ರೀನ್ ಲೈನಿನ ಇ ಟ್ರಾಮ್ ಬಾಗಿಲವರೆಗೂ ಹೋಗುತ್ತದೆ. ಬೆನ್ನಿನ ಚೀಲವನ್ನು ಕ್ಲೋಕ್‌ರೂಮಿನಲ್ಲಿಟ್ಟು, ಬೇರೆ ಯಾವುದಕ್ಕೂ ತಿರುಗದೆ ನೇರವಾಗಿ ಅಮೆರಿಕದ ವಿಭಾಗಕ್ಕೆ ಹೋಗಿ, ಜಾನ್ ಸಿಂಗಲ್‌ಟನ್ ಕೋಪ್ಲಿಗೆ ಕನಿಷ್ಠ ಎರಡು ಗಂಟೆ ಕೊಡಿ. 1738ರಲ್ಲಿ ಬಾಸ್ಟನ್‌ನಲ್ಲೇ ಹುಟ್ಟಿದ ಈತ ಕಲಿತದ್ದು ಮುದ್ರಣಫಲಕ ಕೆತ್ತುತ್ತಿದ್ದ ಮಲತಂದೆಯ ಮನೆಯಲ್ಲಿ, ಯುರೋಪಿನಿಂದ ಬಂದ ಮುದ್ರಿತ ಚಿತ್ರಗಳನ್ನು ನೋಡುತ್ತ. ಇಲ್ಲಿನ ಜನ ಚಿತ್ರ ಬರೆಯುವುದನ್ನು ಬಡಗಿ, ದರ್ಜಿ, ಚಮ್ಮಾರರ ಕಸುಬಿನಂತೆಯೇ ಎಣಿಸುತ್ತಾರೆಂದು ಅವನು ಬೇಸರದಿಂದ ಬರೆದುಕೊಂಡಿದ್ದಾನೆ. ಹಾಗೆ ಎಣಿಸಿದ್ದರಿಂದಲೇ ಅವನ ಕುಂಚಕ್ಕೆ ಕುಶಲಕರ್ಮಿಯ ನಿಖರತೆ ಬಂದಿತೋ ಏನೋ ಎಂದು ನನಗೆ ಅನ್ನಿಸುತ್ತದೆ. 1765ರಲ್ಲಿ ಮಲತಮ್ಮ ಹೆನ್ರಿ ಪೆಲ್ಹಾಮ್‌ನನ್ನು ಕೂರಿಸಿ ಬರೆದ, ಸರಪಳಿ ಹಾಕಿದ ಹಾರುವ ಅಳಿಲಿನ ಜೊತೆಗಿರುವ ಹುಡುಗನ ಚಿತ್ರವನ್ನು ಅವನು ಲಂಡನ್‌ಗೆ ಕಳುಹಿಸಿದ. ಅಲ್ಲಿನ ಹಿರಿಯರು ಮೆಚ್ಚಿದರಾದರೂ ರೇಖೆಗಳು ಗಡಸಾಗಿವೆ ಎಂದರು. ಮೇಜಿನ ಮೇಲಿನ ನೀರಿನ ಲೋಟವನ್ನೂ ಹುಡುಗನ ಬೆರಳಿಗೆ ಸುತ್ತಿಕೊಂಡ ಚಿನ್ನದ ಸರಪಳಿಯನ್ನೂ ನೋಡುತ್ತ ನಿಂತಾಗ, ಆ ಗಡಸುತನವೇ ಇರಲಿ ಎನ್ನಿಸಿತು.

ಅದೇ ಮ್ಯೂಸಿಯಂನಲ್ಲಿರುವ, 1768ರ ಪಾಲ್ ರೆವೀರ್ ಚಿತ್ರದ ಮುಂದೆ ಕುಳಿತುಕೊಳ್ಳಲು ಜಾಗ ಸಿಕ್ಕರೆ ಬಿಡಬೇಡಿ. ಬೆಳ್ಳಿ ಕೆಲಸದ ರೆವೀರ್ ಕೋಟು, ವಿಗ್ ಯಾವುದೂ ಇಲ್ಲದೆ ಬರಿಯ ಅಂಗಿಯಲ್ಲಿ, ತಾನೇ ಮಾಡಿದ ಟೀಪಾಟನ್ನು ಎಡಗೈಯಲ್ಲಿ ಹಿಡಿದು ಕುಳಿತಿದ್ದಾನೆ. ಕೆತ್ತುವ ಉಳಿಗಳು ಮೇಜಿನ ಮೇಲಿವೆ, ಅವನ ಬೆರಳುಗಳ ಪ್ರತಿಬಿಂಬ ಬೆಳ್ಳಿಯ ಮೈಯಲ್ಲಿ ಕಾಣುತ್ತದೆ. ಚಹಾದ ಮೇಲೆ ಬ್ರಿಟಿಷರು ಹಾಕಿದ ಸುಂಕಕ್ಕೆ ಊರೇ ಸಿಡಿದೆದ್ದಿದ್ದ ದಿನಗಳಲ್ಲಿ ಟೀಪಾಟು ಹಿಡಿದು ಕುಳಿತದ್ದು ಸುಮ್ಮನೆ ಇರಲಾರದು. ಕೋಪ್ಲಿಯ ಮಾವನಾದರೋ ಆ ಚಹಾ ತರಿಸುತ್ತಿದ್ದ ವ್ಯಾಪಾರಿಗಳಲ್ಲಿ ಒಬ್ಬ. ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಮರುವರ್ಷ, 1774ರಲ್ಲಿ ಕೋಪ್ಲಿ ಯುರೋಪಿಗೆ ಹೊರಟವನು ಮತ್ತೆ ಹಿಂದಿರುಗಲಿಲ್ಲ.

ನ್ಯೂ ಹೇವನ್‌ನಲ್ಲಿ ಇಳಿಯದೆ ನೇರವಾಗಿ ನ್ಯೂಯಾರ್ಕಿಗೆ ಹೋಗುವವರು ಯೇಲ್ ವಿಶ್ವವಿದ್ಯಾಲಯದ ಆರ್ಟ್ ಗ್ಯಾಲರಿಯನ್ನು ಕಳೆದುಕೊಳ್ಳುತ್ತಾರೆ. ಪ್ರವೇಶ ಉಚಿತ. 1729ರಲ್ಲಿ ತತ್ವಜ್ಞಾನಿ ಬರ್ಕ್ಲಿಯವರ ಪರಿವಾರದೊಡನೆ ಹಡಗಿನಲ್ಲಿ ಬಂದು ಬಾಸ್ಟನ್‌ನಲ್ಲಿ ಬಣ್ಣದ ಅಂಗಡಿ ತೆರೆದ ಜಾನ್ ಸ್ಮೈಬರ್ಟ್ ಬರೆದ ಆ ಪರಿವಾರದ ಗುಂಪುಚಿತ್ರ ಇಲ್ಲಿದೆ. ಎಡ ಅಂಚಿನಲ್ಲಿ ನಮ್ಮತ್ತ ನೋಡುತ್ತಿರುವವನು ಅವನೇ. ಜಾನ್ ಟ್ರಂಬುಲ್ ಬರೆದ ಸ್ವಾತಂತ್ರ್ಯ ಘೋಷಣೆಯ ಮೂಲಚಿತ್ರವೂ ಇಲ್ಲಿಯದೇ. ವಾಷಿಂಗ್ಟನ್‌ನ ಕ್ಯಾಪಿಟಲ್‌ನಲ್ಲಿರುವ ದೊಡ್ಡ ಪ್ರತಿಯನ್ನು ನೋಡಿದವರಿಗೆ ಎರಡೂವರೆ ಅಡಿ ಅಗಲದ ಇದು ಚಿಕ್ಕದೆನಿಸಬಹುದು, ಆದರೆ ಮುಖಗಳಿಗೆ ಜೀವ ಇರುವುದು ಇದರಲ್ಲೇ. ಬಾಲ್ಯದಲ್ಲೇ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವನ ಕೆಲಸವಿದು ಎಂಬುದನ್ನು ನೆನಪಿಟ್ಟು ನೋಡಿ.

ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ಮನಸ್ಸಿಗೆ ಬಂದಷ್ಟು ಹಣ ಕೊಟ್ಟು ನೋಡುವ ಜಾಗವೆಂದು ಹಲವರು ಹೇಳುತ್ತಾರೆ. ಆ ಸೌಲಭ್ಯ ಆ ರಾಜ್ಯದ ನಿವಾಸಿಗಳಿಗೂ ಸುತ್ತಲಿನ ಕೆಲವು ರಾಜ್ಯಗಳ ವಿದ್ಯಾರ್ಥಿಗಳಿಗೂ ಮಾತ್ರ. ನಮ್ಮಂಥವರು ಪೂರ್ತಿ ಟಿಕೆಟ್ ಕೊಳ್ಳಬೇಕು. ಭಾವಚಿತ್ರಗಳ ಕಾಲ ಮುಗಿದು ನಿಸರ್ಗಚಿತ್ರಗಳ ಕಾಲ ಬಂದದ್ದನ್ನು ತೋರಿಸಲು 1836ರಲ್ಲಿ ಥಾಮಸ್ ಕೋಲ್ ಬರೆದ, ನದಿಯ ಬಳಸುತಿರುವಿನ ಚಿತ್ರವೊಂದೇ ಸಾಕು.

ಫಿಲಡೆಲ್ಫಿಯಾದ ಕಲಾ ಮ್ಯೂಸಿಯಂನಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್ 1795ರಲ್ಲಿ ಬರೆದ ಮೆಟ್ಟಿಲ ಚಿತ್ರವನ್ನು ಮೊದಲು ಕೋಣೆಯ ಈ ತುದಿಯಿಂದಲೇ ನೋಡಿ, ಆಮೇಲೆ ಹತ್ತಿರ ಹೋಗಿ. ಪೀಲ್‌ನ ಇಬ್ಬರು ಮಕ್ಕಳು ಆಳೆತ್ತರದಲ್ಲಿ ತಿರುವುಮೆಟ್ಟಿಲು ಹತ್ತುತ್ತಿದ್ದಾರೆ. ಚಿತ್ರಕ್ಕೆ ನಿಜವಾದ ಬಾಗಿಲ ಚೌಕಟ್ಟು, ಕೆಳಗೆ ನಿಜವಾದ ಮರದ ಮೆಟ್ಟಿಲು. ಜಾರ್ಜ್ ವಾಷಿಂಗ್ಟನ್ ಮೋಸಹೋಗಿ ಹುಡುಗರಿಗೆ ತಲೆಬಾಗಿದನೆಂದು ಪೀಲ್‌ನ ಮಗ ಹೇಳಿದ ಕಥೆಯಿದೆ. ನಂಬದಿದ್ದರೂ ಅಡ್ಡಿಯಿಲ್ಲ, ನನ್ನ ಹೆಂಡತಿಯಂತೂ ಮೆಟ್ಟಿಲು ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರುವಾಯಿತೆಂದು ಬಗ್ಗಿ ಬಗ್ಗಿ ನೋಡಿದಳು. 1805ರಲ್ಲಿ ಪೀಲ್ ಮೊದಲಾದವರು ಕಟ್ಟಿದ ಕಲಾಶಾಲೆ ಪೆನ್ಸಿಲ್ವೇನಿಯಾ ಅಕಾಡೆಮಿಯಲ್ಲಿ ಬೆಂಜಮಿನ್ ವೆಸ್ಟ್‌ನ ದೊಡ್ಡ ಚಿತ್ರಗಳಿವೆ. ಅದರ ಹಳೆಯ ಕಟ್ಟಡವನ್ನು ದುರಸ್ತಿಗಾಗಿ ಮುಚ್ಚಿದ್ದುಂಟು, ಆದ್ದರಿಂದ ವಿಚಾರಿಸಿಯೇ ಹೋಗಿ.

ಪೆನ್ಸಿಲ್ವೇನಿಯಾದ ಈ ವೆಸ್ಟ್ ಲಂಡನ್‌ನಲ್ಲಿ ನೆಲೆನಿಂತು, 1792ರಲ್ಲಿ ಅಲ್ಲಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಅಧ್ಯಕ್ಷನಾದವನು. ಅಮೆರಿಕದಿಂದ ಬಂದ ತರುಣರಿಗೆಲ್ಲ ಅವನ ಮನೆಯೇ ಗುರುಕುಲವಾಗಿತ್ತು: ಪೀಲ್, ಟ್ರಂಬುಲ್, ಗಿಲ್ಬರ್ಟ್ ಸ್ಟುವರ್ಟ್ ಎಲ್ಲರೂ ಅಲ್ಲಿ ಪಳಗಿದವರೇ. ಡಾಲರ್ ನೋಟಿನ ಮೇಲಿನ ವಾಷಿಂಗ್ಟನ್ ಮುಖ ಸ್ಟುವರ್ಟ್ 1796ರಲ್ಲಿ ಬರೆದು ಅರ್ಧಕ್ಕೇ ಬಿಟ್ಟ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದು. ಮೂಲವು ಬಾಸ್ಟನ್ ಮ್ಯೂಸಿಯಂ ಮತ್ತು ವಾಷಿಂಗ್ಟನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಎರಡರ ಜಂಟಿ ಆಸ್ತಿ. ನೀವು ಹೋಗುವಾಗ ಯಾವ ಊರಿನಲ್ಲಿದೆಯೆಂದು ಕೇಳಿಕೊಳ್ಳಿ, ಕೈಯಲ್ಲೊಂದು ನೋಟು ಹಿಡಿದು ಹೋಗಿ.

ವಾಷಿಂಗ್ಟನ್‌ನಲ್ಲಿ ಎರಡೂ ಗ್ಯಾಲರಿಗಳು ಉಚಿತ. ಬೆಳಗ್ಗೆ ನ್ಯಾಷನಲ್ ಗ್ಯಾಲರಿಗೆ ಹೋಗಿ, ಕೋಪ್ಲಿ ಲಂಡನ್‌ಗೆ ಹೋದ ಮೇಲೆ 1778ರಲ್ಲಿ ಬರೆದ, ನೀರಿಗಿಳಿದ ಹುಡುಗನ ಮೇಲೆ ಶಾರ್ಕ್ ಮೀನು ಎರಗುವ ವಾಟ್ಸನ್ ಮತ್ತು ಶಾರ್ಕ್ ಚಿತ್ರವನ್ನು ನೋಡಿ, ಟೀಪಾಟು ಬರೆದ ಕೈ ಇದೇನಾ ಎಂದು ಹೋಲಿಸಿಕೊಳ್ಳಿ. ಪೋರ್ಟ್ರೇಟ್ ಗ್ಯಾಲರಿಯಲ್ಲಿ ಕನ್ನಡಿಗರು ಕೇಳಿ ನೋಡಬೇಕಾದದ್ದು ಜೆಫರ್ಸನ್‌ನ 1786ರ ಭಾವಚಿತ್ರ. ಅದನ್ನು ಬರೆದ ಮೇದರ್ ಬ್ರೌನ್ ಬಾಸ್ಟನ್‌ನಲ್ಲಿ ಹುಟ್ಟಿ ವೆಸ್ಟ್‌ನ ಬಳಿ ಕಲಿತವನು. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ನಿಗೆ ಒತ್ತೆಯಾಗಿ ಒಪ್ಪಿಸಿದ ದೃಶ್ಯವನ್ನು ಭಾರತಕ್ಕೆ ಕಾಲಿಡದೆ ಲಂಡನ್‌ನಲ್ಲೇ ಬರೆದವನೂ ಇವನೇ. ಈ ಗ್ಯಾಲರಿ ಸಂಜೆ ಏಳರವರೆಗೆ ತೆರೆದಿರುವುದರಿಂದ, ಐದಕ್ಕೆ ಮುಚ್ಚುವ ನ್ಯಾಷನಲ್ ಗ್ಯಾಲರಿಯನ್ನು ಮುಗಿಸಿ ಇಲ್ಲಿಗೆ ಬಂದರೆ ಆತುರಪಡಬೇಕಾಗಿಲ್ಲ.