ಭಾವ ಅಲ್ಲ, ಬಾವಾ

ಇಟಲಿಯ ತುರಿನ್‌ನಲ್ಲಿ ನವೆಂಬರ್ ಬಂತೆಂದರೆ ಸಂಜೆ ಐದಕ್ಕೇ ಕತ್ತಲು. ಜಿಟಿಜಿಟಿ ಮಳೆ ಬೇರೆ. ಟ್ರಾಮ್ ಇಳಿದು ಮನೆ ಸೇರುವಷ್ಟರಲ್ಲಿ ಬಿಸಿಯಾಗಿ, ಮೆತ್ತಗೆ ಏನಾದರೂ ಹೊಟ್ಟೆಗೆ ಬಿದ್ದರೆ ಸಾಕು ಅನ್ನಿಸುತ್ತದೆ. ಅನ್ನ-ಸಾರು ವಾರದಲ್ಲಿ ನಾಲ್ಕು ದಿನ ಇದ್ದೇ ಇದೆ. ಆದರೆ ತೀರಾ ಬೇಜಾರಾದ ದಿನ ನಾನು ಮಾಡುವುದು ನ್ಯೋಕ್ಕಿ.

ಬರೆಯುವಾಗ ಶುರುವಿಗೆ ಒಂದು 'ಜಿ' ಇದೆ, ಓದುವಾಗ ಇಲ್ಲ. ಬಂದ ಹೊಸತರಲ್ಲಿ ಹೋಟೆಲಿನಲ್ಲಿ 'ಗ್ನೋಚಿ' ಕೊಡಿ ಅಂದು ನಗೆಪಾಟಲಾಗಿದ್ದೆ. ಬೇಯಿಸಿದ ಆಲೂಗಡ್ಡೆಗೆ ಮೈದಾ ಕಲಸಿ ಮಾಡುವ ಹೆಬ್ಬೆರಳಿನ ತುದಿಯಷ್ಟಿರುವ ಕಡುಬು ಅಂದುಕೊಳ್ಳಿ. ಇಲ್ಲಿ ಪಿಯೆಮೊಂತೆಯ ಬೆಟ್ಟದ ಕಡೆ ಇದನ್ನು ಕರಗಿಸಿದ ಚೀಸ್‌ನಲ್ಲಿ ಮುಳುಗಿಸಿ ಕೊಡುತ್ತಾರೆ. ಹೆಸರು 'ನ್ಯೋಕ್ಕಿ ಅಲ್ಲಾ ಬಾವಾ'. ವಿಡಿಯೊ ಕಾಲ್‌ನಲ್ಲಿ ಇದನ್ನು ಕೇಳಿದ ನಮ್ಮ ಭಾವ, ನನ್ನ ಹೆಸರಲ್ಲೂ ಅಡುಗೆ ಇದೆಯಾ ಅಂತ ಉಬ್ಬಿಹೋದರು. ಇಟಾಲಿಯನ್‌ನಲ್ಲಿ ಬಾವಾ ಅಂದರೆ ಜೊಲ್ಲು. ಚಮಚ ಎತ್ತಿದಾಗ ಚೀಸ್ ಜೊಲ್ಲಿನ ಹಾಗೆ ಎಳೆಎಳೆಯಾಗಿ ಇಳಿಯುತ್ತದೆ, ಅದಕ್ಕೆ ಆ ಹೆಸರು. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ಮೊದಲ ಸಲ ಮಾಡಿದ್ದು ರಬ್ಬರ್ ಆಗಿತ್ತು. ಹೊಸ ಆಲೂಗಡ್ಡೆ ತಂದು, ಸಿಪ್ಪೆ ತೆಗೆದು, ಹೆಚ್ಚಿ ಬೇಯಿಸಿದೆ. ಅದು ನೀರು ಕುಡಿದು ಕೂತಿತ್ತು. ಹಿಟ್ಟು ಕೈಗೆ ಅಂಟುತ್ತಿದೆ ಅಂತ ಮೈದಾ ಸುರಿದೆ, ಮತ್ತೂ ಅಂಟಿತು, ಮತ್ತೂ ಸುರಿದೆ, ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿಯೂ ಬಿಟ್ಟೆ. ಮೈದಾ ನಾದಿದಷ್ಟೂ ಜಿಗುಟಾಗುತ್ತದೆ, ಗೊತ್ತಲ್ವಾ. ಕೆಳಗಿನ ಮನೆಯ ಅಜ್ಜಿಯ ಹತ್ತಿರ ಗೋಳು ಹೇಳಿಕೊಂಡೆ. ಎಷ್ಟು ಮೈದಾ ಹಾಕಬೇಕು ಅಂದರೆ 'ಕ್ವಾಂತೊ ಬಾಸ್ತಾ' ಅಂದರು, ಅಂದರೆ ಸಾಕಾಗುವಷ್ಟು. ಇಲ್ಲಿನ ಅಡುಗೆ ಪುಸ್ತಕಗಳಲ್ಲೂ ಉಪ್ಪಿನ ಮುಂದೆ ಕ್ಯೂ.ಬಿ. ಅಂತ ಎರಡಕ್ಷರ ಇರುತ್ತದೆ. ಥೇಟ್ ನಮ್ಮ 'ರುಚಿಗೆ ತಕ್ಕಷ್ಟು'!

ದಾರಿಗೆ ಬಂದದ್ದು ಅಮ್ಮ ಬಂದಾಗ. ಹಳೆಯ, ಹಿಟ್ಟುಹಿಟ್ಟಾದ ಆಲೂಗಡ್ಡೆ ಒಂದು ಕೆಜಿ, ಸಿಪ್ಪೆ ಸಮೇತ ಬೇಯಿಸಿದ್ದು. ಬಿಸಿ ಇರುವಾಗಲೇ ಸುಲಿದು ಒತ್ತಬೇಕು, ಹಬೆಯೆಲ್ಲ ಹೋಗಬೇಕು. ಇಲ್ಲಿನವರ ಹತ್ತಿರ ಅದಕ್ಕೆ ಬೇರೆ ಒತ್ತುಗ ಇದೆ. ಅಮ್ಮ ತಂದಿದ್ದ ಚಕ್ಕುಲಿ ಒರಳಿಗೆ ಸೇವೆ ಬಿಲ್ಲೆ ಹಾಕಿ ನಾವು ಒತ್ತಿದೆವು, ಬಿಳಿ ಎಳೆಗಳು ಹಗುರಾಗಿ ರಾಶಿ ಬಿದ್ದವು. ಇನ್ನೂರೈವತ್ತು ಗ್ರಾಂ ಮೈದಾ ಮುಗಿಯುತ್ತಿದ್ದ ಹಾಗೆ ನನ್ನ ಕೈ ಡಬ್ಬದ ಕಡೆ ಹೋಯಿತು. ಅಮ್ಮ ಹಿಟ್ಟನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, "ಇನ್ನೊಂದು ಚಿಟಿಕೆಯೂ ಬೇಡ, ಸುಮ್ನಿರು" ಅಂದಳು. ಜನ್ಮದಲ್ಲಿ ನ್ಯೋಕ್ಕಿ ಕಂಡವಳಲ್ಲ. ಬತ್ತಿಯ ಹಾಗೆ ಹೊಸೆದು, ತುಂಡು ಮಾಡಿ, ಫೋರ್ಕಿನ ಬೆನ್ನ ಮೇಲೆ ಉರುಳಿಸಿದಳು. ಆ ಗೀರಿನಲ್ಲೇ ಚೀಸ್ ನಿಲ್ಲುವುದು. ಕುದಿಯುವ ಉಪ್ಪುನೀರಿಗೆ ಹಾಕಿದರೆ ಎರಡು ನಿಮಿಷಕ್ಕೆ ತಾವೇ ಮೇಲೆ ತೇಲುತ್ತವೆ, ಜಾಲರಿ ಸೌಟಿನಲ್ಲಿ ಎತ್ತಿಕೊಂಡರಾಯಿತು.

ಆದರೆ ಚೀಸ್‌ನದೇ ತಕರಾರು. ಬಾವಾಗೆ ಸರಿಹೋಗುವುದು ಪಕ್ಕದ ಆವೋಸ್ತಾ ಕಣಿವೆಯ ಫೊಂತೀನಾ, ಬೆಣ್ಣೆಯ ಹಾಗೆ ಕರಗುತ್ತದೆ. ಅದರ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪಾರ್ಮಿಜಾನೊ ಕೂಡ ಹಾಗೆಯೇ. ಇಲ್ಲಿ 'ಚೀಸ್ ತಾನೆ, ಸಸ್ಯಾಹಾರಿ' ಅಂತ ನಂಬಿ ವರ್ಷಗಟ್ಟಲೆ ತಿಂದ ನಮ್ಮವರು ಎಷ್ಟೋ ಜನ. ಅಮ್ಮನಿಗೋಸ್ಕರ ಅಂಗಡಿಯಲ್ಲಿ ಒಂದೊಂದೇ ಪೊಟ್ಟಣ ತಿರುಗಿಸಿ, 'ಕಾಲ್ಯೊ ವೆಜೆತಾಲೆ', ಅಂದರೆ ಸಸ್ಯಜನ್ಯ ರೆನೆಟ್, ಅಂತ ಬರೆದಿದ್ದನ್ನು ಹುಡುಕಿ ತಂದೆ. ಮನೆಯಲ್ಲಿ ನಿಂಬೆರಸ ಹಿಂಡಿ ಪನೀರ್ ಮಾಡಿದರೆ ಆಗಲ್ವಾ ಅಂತ ಕೇಳಬೇಡಿ, ನೋಡಿಯಾಯಿತು. ಅದು ಕರಗುವುದೇ ಇಲ್ಲ. ಇನ್ನೂರು ಗ್ರಾಂ ಚೀಸ್ ಚೂರುಗಳಿಗೆ ಅರ್ಧ ಲೋಟ ಹಾಲು, ಒಂದು ತುಂಡು ಬೆಣ್ಣೆ, ಸಣ್ಣ ಉರಿ. ಕುದಿಸಿದಿರೋ, ಒಡೆದು ಎಣ್ಣೆ ಬಿಡುತ್ತದೆ.

ಅಮ್ಮ ಎರಡು ಸಲ ಹಾಕಿಸಿಕೊಂಡಳು. ಮಾರನೇ ದಿನ ಉಳಿದಿದ್ದ ಬರಿಯ ನ್ಯೋಕ್ಕಿಯನ್ನು ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿದು, ಮೇಲೆ ಚಟ್ನಿಪುಡಿ ಉದುರಿಸಿದಳು. ಅದನ್ನು ಕೆಳಗಿನ ಅಜ್ಜಿಗೆ ಕೊಡುವ ಧೈರ್ಯ ನನಗಾಗಲಿಲ್ಲ. ಅಮ್ಮನೇ ತಟ್ಟೆ ಹಿಡಿದು ಮೆಟ್ಟಿಲಿಳಿದಳು. ಈಗ ಅಜ್ಜಿ ಸಿಕ್ಕಾಗಲೆಲ್ಲ ಆ 'ಕೆಂಪು ಪುಡಿ' ಕೇಳುತ್ತಾರೆ, ನನ್ನ ಡಬ್ಬ ತಳ ಕಂಡಿದೆ. ಈ ಕಡೆ ಬರುವವರು ಯಾರಾದರೂ ಇದ್ದರೆ ಹೇಳಿ.