ಮುಚ್ಚಿದ ಬಾಗಿಲಿಗೆ ವಾಯಿದೆ ಬೇಡವೇ?

ಅಪ್ಪನಿಗೆ ಎಪ್ಪತ್ನಾಲ್ಕು. ಶಿವಮೊಗ್ಗದಲ್ಲಿ ಇತಿಹಾಸದ ಮೇಷ್ಟರಾಗಿದ್ದವರು. ನ್ಯೂಜೆರ್ಸಿಯ ನಮ್ಮ ಮನೆಗೆ ಬಂದ ದಿನವೇ ಲಿಬರ್ಟಿ ಪ್ರತಿಮೆಯನ್ನು ಯಾವಾಗ ತೋರಿಸುತ್ತೀ ಎಂದು ಕೇಳಿದ್ದರು.

ಜೆರ್ಸಿ ಸಿಟಿಯ ದಡದಲ್ಲಿ ದೋಣಿ ಹತ್ತುವ ಮುನ್ನ ಬೆಲ್ಟು, ಗಡಿಯಾರ, ಕಿಸೆಯ ಚಿಲ್ಲರೆ ಎಲ್ಲವೂ ತಟ್ಟೆಗೆ ಹೋದವು. ಮೊಣಕಾಲಿನೊಳಗಿನ ಲೋಹಕ್ಕೆ ಯಂತ್ರ ಕೂಗಿತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಇನ್ನೊಂದನ್ನು ಚಾಚಿ ನಿಂತ ಅಪ್ಪನನ್ನು ಕಾವಲುಗಾರ ಸೌಜನ್ಯದಿಂದಲೇ ತಡವಿ ನೋಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಏರ್ಪಾಟಿನ ಮೇಲೆ. ನನ್ನ ಕಿಸೆ ನೋಡಬೇಕಾದರೆ ಕಾರಣವನ್ನು ಸರ್ಕಾರ ಕೊಡಬೇಕು. ನಾನು ನಿರಪರಾಧಿ ಎಂದು ಸಾಬೀತುಪಡಿಸುವ ಹೊಣೆ ನನ್ನದಲ್ಲ. ಅದೂ ಅಲ್ಲದೆ, ನೂರಾರು ಜನ ಒತ್ತೊತ್ತಾಗಿ ನಿಂತದ್ದು ತಪಾಸಣೆಯ ಸಾಲಿನಲ್ಲೇ. ಆ ಸಾಲಿಗೆ ಬಂದು ಸೇರುವವರನ್ನು ಯಾರೂ ತಪಾಸಣೆ ಮಾಡುತ್ತಿರಲಿಲ್ಲ.

2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕಿನ ಮೇಲೆ ಉಗ್ರರ ದಾಳಿಯಾದ ದಿನ, ಪ್ರತಿಮೆ ಇರುವ ದ್ವೀಪವನ್ನು ಮುಚ್ಚಿದರು. ದ್ವೀಪ ಅದೇ ಡಿಸೆಂಬರಿನಲ್ಲಿ ತೆರೆಯಿತು, ಪೀಠ 2004ರ ಆಗಸ್ಟಿನಲ್ಲಿ. ಕಿರೀಟಕ್ಕೆ ಜನ ಮತ್ತೆ ಹತ್ತಿದ್ದು 2009ರ ಜುಲೈ 4ರಂದು. ಒಳಗಿನ ಮೆಟ್ಟಿಲು ಕಿರಿದು, ಬೆಂಕಿ ಬಿದ್ದರೆ ಇಳಿಯುವುದು ಕಷ್ಟ ಎಂಬುದು ನಿಜವಾದ ಚಿಂತೆಯೇ. ಆದರೆ ಅದೇ ಮೆಟ್ಟಿಲುಗಳನ್ನು ಜನ ತಲೆಮಾರುಗಳಿಂದ ಹತ್ತಿದ್ದರು. ಬಾಗಿಲು ತೆರೆದಿಟ್ಟು ಅನಾಹುತವಾದರೆ ಅಧಿಕಾರಿಯ ತಲೆದಂಡ. ಮುಚ್ಚಿಟ್ಟರೆ ಅವನನ್ನು ಕೇಳುವವರಿಲ್ಲ. ಹಾಗಿರುವಾಗ ಬೀಗ ತೆಗೆಯುವ ಆತುರ ಯಾರಿಗಿದ್ದೀತು? ಅದಕ್ಕೇ ಮುಚ್ಚುವ ಆದೇಶದಲ್ಲೇ ಅದರ ಕೊನೆಯ ದಿನಾಂಕವೂ ಇರಬೇಕು, ಮುಂದುವರಿಸಬೇಕಾದರೆ ಹೊಸದಾಗಿ ಕಾರಣ ಹೇಳಬೇಕು ಎನ್ನುತ್ತೇನೆ.

ಪೀಠದೊಳಗೆ ಹೋಗಲು ಮತ್ತೊಂದು ತಪಾಸಣೆ. ಆ ಸಾಲನ್ನು ಕಂಡು ಅಪ್ಪ, “ನೀನು ಹೋಗಿ ಬಾ, ನಾನು ಇಲ್ಲೇ ಕೂರುತ್ತೇನೆ” ಎಂದರು. ಬೆಲ್ಟು ಇನ್ನೊಮ್ಮೆ ಬಿಚ್ಚುವ ಮನಸ್ಸು ಅವರಿಗಿರಲಿಲ್ಲ. ಅವರನ್ನು ಬಿಟ್ಟು ಹೋಗುವ ಮನಸ್ಸು ನನಗೂ ಬರಲಿಲ್ಲ. ಬೆಂಚಿನ ಮೇಲೆ ಕುಳಿತು ಚಪಾತಿ ತಿಂದು, ದ್ವೀಪದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಪ್ರತಿಮೆಯ ಹಳೆಯ ಪಂಜು ಇದೆ. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು.

“ಮೇಲಿನ ಪಂಜಿಗೂ ಹತ್ತಬಹುದೇನೋ?”

1916ರಿಂದ ಇಲ್ಲ ಎಂದೆ. ಮೊದಲ ಮಹಾಯುದ್ಧಕ್ಕೆ ಹೊರಟಿದ್ದ ಮದ್ದುಗುಂಡಿನ ರಾಶಿಯನ್ನು ಆ ವರ್ಷ ಜುಲೈ 30ರಂದು ಜರ್ಮನ್ ಗೂಢಚಾರರು ಬ್ಲ್ಯಾಕ್ ಟಾಮ್ ಎಂಬಲ್ಲಿ ಸ್ಫೋಟಿಸಿದರು. ಪ್ರತಿಮೆಯ ತೋಳಿಗೆ ಪೆಟ್ಟಾಯಿತು, ಪಂಜಿನ ದಾರಿ ಮುಚ್ಚಿತು. ತೋಳನ್ನು ರಿಪೇರಿ ಮಾಡಿದರು. 1986ರ ಹೊತ್ತಿಗೆ ಪಂಜನ್ನೇ ಹೊಸದಾಗಿ ಮಾಡಿ ಕೂರಿಸಿದರು. ದಾರಿ ಮಾತ್ರ ತೆರೆಯಲಿಲ್ಲ.

ಹಿಂದಿರುಗುವ ದೋಣಿಯಲ್ಲಿ, ಎದುರಿನ ದಡದ ಲಿಬರ್ಟಿ ಸ್ಟೇಟ್ ಪಾರ್ಕನ್ನು ತೋರಿಸಿ, ಬ್ಲ್ಯಾಕ್ ಟಾಮ್ ಇದ್ದದ್ದು ಅಲ್ಲೇ ಎಂದೆ. ಬೆಳಿಗ್ಗೆ ನಾವು ದೋಣಿ ಹತ್ತಿದ್ದೂ ಅದೇ ಪಾರ್ಕಿನಲ್ಲಿ.

“ಯುದ್ಧ ಹದಿನೆಂಟರಲ್ಲೇ ಮುಗಿಯಿತಲ್ಲ” ಎಂದ ಅಪ್ಪ, ಬೆರಳು ಮಡಚಿ ವರ್ಷ ಎಣಿಸತೊಡಗಿದರು.