ಗೇಟಿಂದ ಬಾಗ್ಲವರ್ಗೆ ಜಲ್ಲಿ ದಾರಿ

ಮೊದಲ ಸಲ ಹಾಕ್ಸಿದಾಗ ನಾನು ಮಾಡಿದ್ದು ದೊಡ್ಡ ತಪ್ಪು, ನೋಡೋಕೆ ಚೆಂದ ಅಂತ ಬಿಳಿ ಗುಂಡು ಪೆಬಲ್ಸ್ ತಂದು ಸುರಿಸ್ಬಿಟ್ಟೆ. ಅಮ್ಮ ಹವಾಯಿ ಚಪ್ಪಲಿ ಹಾಕ್ಕೊಂಡು ನಾಲ್ಕು ಹೆಜ್ಜೆ ಇಟ್ರೋ ಇಲ್ವೋ, ಕಾಲಡಿ ಕಲ್ಲು ಉರುಳಿ ಕೈಲಿದ್ದ ಹೂವಿನ ಬುಟ್ಟಿ ಸಮೇತ ವಾಲಿದ್ರು, ಪುಣ್ಯಕ್ಕೆ ಪಕ್ಕದಲ್ಲೇ ಕಾಂಪೌಂಡ್ ಇತ್ತು. ಗುಂಡು ಕಲ್ಲು ಒಂದಕ್ಕೊಂದು ಕಚ್ಕೊಳಲ್ಲ, ಅದೇ ಸಮಸ್ಯೆ.

ಎರಡನೇ ಸಲ ಕ್ರಷರ್‌ದು 12 ಎಂಎಂ ಜಲ್ಲಿ, ಮೂಲೆ ಮೂಲೆ ಇರೋದು. 4 ಇಂಚು ಮಣ್ಣು ತೆಗೆದು, ಕೆಳಗೆ ದಪ್ಪ ಜಲ್ಲಿ ಕ್ವಾರಿ ಡಸ್ಟ್ ಜೊತೆ ಹಾಕಿ ಚೆನ್ನಾಗಿ ದಮ್ಮಸ್ ಮಾಡಿಸಿ, ಮೇಲೆ ನೀರು ಇಳಿಯೋಕೆ ಬಿಡೋ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ 2 ಇಂಚು ಜಲ್ಲಿ ಅಷ್ಟೇ. ಜಾಸ್ತಿ ಹಾಕಿದ್ರೆ ಮರಳಲ್ಲಿ ನಡ್ದಂಗೆ ಕಾಲು ಹೂತ್ಕೊಳತ್ತೆ. ಬಟ್ಟೆ ಬದಲು ಪ್ಲಾಸ್ಟಿಕ್ ಶೀಟ್ ಮಾತ್ರ ಬೇಡ, ಮಳೆ ನೀರು ಇಂಗಲ್ಲ.

ಅಂಚಿಗೆ ಹಳೇ ಇಟ್ಟಿಗೆನ ಓರೆಯಾಗಿ ಹೂತಿದೀವಿ, ಹಲ್ಲು ಹಲ್ಲು ಥರ ಕಾಣತ್ತೆ. ನಡುವೆ ಒಂದೊಂದು ಹೆಜ್ಜೆ ದೂರಕ್ಕೆ ಚಪ್ಪಡಿ ಕಲ್ಲು, ಈಗ ಅಮ್ಮ ಅದರ ಮೇಲೇ ನಡೀತಾರೆ, ಜಲ್ಲಿ ಬರೀ ಅಲಂಕಾರಕ್ಕೆ ಅಂತ ನನ್ನ ಆಡ್ಕೋತಾರೆ ಬೇರೆ. ಚಪ್ಪಡಿ ಸಂದೀಲಿ ಒಂದೆಲಗ ಬಿಟ್ಟಿದೀನಿ, ನೆರಳಿರೋ ಕಡೆ ಚೆನ್ನಾಗಿ ಹಬ್ಬಿದೆ, ತಂಬುಳಿಗೂ ಆಯ್ತು.

ಒಂದೇ ಗೋಳು, ನುಗ್ಗೆ ಮರ. ಆ ಸಣ್ಣ ಎಲೆ ಜಲ್ಲಿ ಸಂದೀಗೆ ಬಿದ್ರೆ ಪೊರಕೇಲೂ ಬರಲ್ಲ, ಕೈಲೂ ಬರಲ್ಲ.